ಟೆಕ್ಸಾಸ್‌ನಲ್ಲಿ ಕಂಡ ನಮ್ಮ ಚಿಗರಿ

ಸಂಪಾದಕರಿಗೆ ನಮಸ್ಕಾರ.

ಸ್ವಂತ ಕಾರಿನಲ್ಲೇ ಕೂತು ಜಿರಾಫೆ, ಜೀಬ್ರಾ, ಘೇಂಡಾಮೃಗ ನೋಡಿ ಬರಬಹುದಾದ ವಿದೇಶಿ ಪಾರ್ಕ್‌ಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿ ಒಂದು ಪ್ರಾಣಿಯ ಹೆಸರು ಬಿಟ್ಟುಹೋಗಿದೆ: ನಮ್ಮ ಚಿಗರಿ, ಅಂದರೆ ಕೃಷ್ಣಮೃಗ. ಪುಣೆಯ ಕನ್ನಡಿಗರು ಅದನ್ನು ತಿಳಿಯಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಗ್ಲೆನ್ ರೋಸ್ ಎಂಬ ಊರಿನ ಹತ್ತಿರದ ಫಾಸಿಲ್ ರಿಮ್ ಎಂಬ ಇಂಥದೇ ಪಾರ್ಕ್ ತೋರಿಸಿದಳು. ಸುಮಾರು 1,800 ಎಕರೆ ಜಾಗ. ಗುಡ್ಡ, ಹುಲ್ಲು, ಕುರುಚಲು ಗಿಡ, ನಡುವೆ ಒಂದು ಕಾರಿನ ದಾರಿ. ಪಾರ್ಕಿನವರೇ ಮಾರುವ ಮೇವಿನ ಚೀಲ ಕೊಳ್ಳಬಹುದು, ಆದರೆ ಯಾವ ಪ್ರಾಣಿಗೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬ ಕಟ್ಟುನಿಟ್ಟು ಇದೆ. ಜಿರಾಫೆ ಕಾರಿನ ಮೇಲೆ ಬಗ್ಗಿ ಕಪ್ಪು ನಾಲಿಗೆ ಚಾಚಿದಾಗ ಮೊಮ್ಮಗ ಖುಷಿಯಿಂದ ಕಿರುಚಿಬಿಟ್ಟ. ಚೀತಾಗಳು ಬೇರೆ ಬೇಲಿಯೊಳಗಿದ್ದವು.

ನನಗೆ ಜಾಸ್ತಿ ಹಿಡಿಸಿದ್ದು ಕತ್ತಿಯ ಹಾಗೆ ಹಿಂದಕ್ಕೆ ಬಾಗಿದ ಕೋಡಿನ ಓರಿಕ್ಸ್ ಎಂಬ ದೊಡ್ಡ ಹುಲ್ಲೆ. ಸಹಾರಾ ಅಂಚಿನ ಪ್ರಾಣಿ ಅದು. ಬೇಟೆಯಿಂದಾಗಿ ಕಾಡಿನಲ್ಲಿ ಒಂದೂ ಉಳಿದಿಲ್ಲ ಎಂದು 2000ದಲ್ಲಿ ಘೋಷಣೆಯಾಗಿತ್ತು. ಇಂಥ ಪಾರ್ಕ್‌ಗಳಲ್ಲೂ ಮೃಗಾಲಯಗಳಲ್ಲೂ ಅದರ ಸಂತತಿ ಉಳಿದಿದ್ದರಿಂದಲೇ 2016ರಲ್ಲಿ ಚಾಡ್ ದೇಶದ ಬಯಲಿಗೆ ಮತ್ತೆ ಬಿಡಲು ಸಾಧ್ಯವಾಯಿತು. ಹಾಗಾಗಿ ಕಾರಿನಿಂದ ನೋಡುವ ಪಾರ್ಕ್ ಎಂದರೆ ಬರೀ ಮೋಜಿನ ಜಾಗ ಎಂದು ನಾನು ಹೇಳಲಾರೆ.

ಸ್ವಲ್ಪ ಮುಂದೆ ಹೋದರೆ ದಾರಿಯ ಪಕ್ಕದಲ್ಲೇ ಚಿಗರಿ ಹಿಂಡು! ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೋಡು. ನಾನು ರಾಣೆಬೆನ್ನೂರು ಕಡೆಯವನು. ಚಿಕ್ಕವನಿದ್ದಾಗ ಅಪ್ಪನ ಜೊತೆ ಜೋಳದ ಹೊಲ ಕಾಯಲು ಹೋದರೆ ಬದುವಿನಾಚೆ ಇವೇ ನಿಂತಿರುತ್ತಿದ್ದವು. ಒಂದು ಜಿಗಿದರೆ ಸಾಕು, ಹಿಂದೆಯೇ ಇಡೀ ಹಿಂಡು ಜಿಗಿಯುತ್ತಿತ್ತು. ಪುಸ್ತಕದಲ್ಲಿ ಕೃಷ್ಣಮೃಗ ಅಂತಾರೆ, ನಮಗೆ ಅದು ಚಿಗರಿಯೇ. ಹುಬ್ಬಳ್ಳಿ–ಧಾರವಾಡದ ಬಸ್ಸಿಗೂ ಅದೇ ಹೆಸರು ಇಟ್ಟಿದ್ದಾರೆ. "ಇವು ನಮ್ಮ ಊರಿನವು" ಎಂದು ಮೊಮ್ಮಗನಿಗೆ ಹೇಳಿದೆ. ಅವನು ನಂಬಲೇ ಇಲ್ಲ. ಅವನ ಪಾಲಿಗೆ ಅವು ಆಫ್ರಿಕಾದವು, ಜೀಬ್ರಾದ ನೆಂಟರು. ಅಮೆರಿಕದಲ್ಲಿ ಹುಟ್ಟಿದ ಹುಡುಗ, ಅವನದು ತಪ್ಪಲ್ಲ. ಆದರೆ ಪುಣೆಗೆ ವಾಪಸ್ ಬಂದು ಇಲ್ಲಿಯ ನಮ್ಮ ಮಕ್ಕಳನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಅದು ನನಗೆ ತುಂಬಾ ನೋವು ಕೊಟ್ಟಿತು.

ಟೆಕ್ಸಾಸ್‌ಗೆ ಚಿಗರಿ ಹೋದದ್ದು 1932ರಲ್ಲಿ. ಒಣ ಹವೆ, ಬಯಲು ಹುಲ್ಲು ಒಗ್ಗಿತು, ಸಂಖ್ಯೆ ಬೆಳೆಯಿತು. ಅಲ್ಲಿಯ ರ‍್ಯಾಂಚುಗಳಲ್ಲಿ ದುಡ್ಡು ಕೊಟ್ಟರೆ ಅದನ್ನು ಬೇಟೆಯಾಡಲೂಬಹುದು. ಇಲ್ಲಿ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಕೊಂದರೆ ಜೈಲು. ಇನ್ನೊಂದು ಸಂಗತಿ ಇದೆ. ಪಾಕಿಸ್ತಾನದಲ್ಲಿ ಚಿಗರಿ ಕಾಡಿನಿಂದ ಪೂರ್ತಿ ಅಳಿದುಹೋದಾಗ, 1970ರ ದಶಕದಲ್ಲಿ ಅಲ್ಲಿಯ ಲಾಲ್ ಸುಹಾನ್ರಾ ಪಾರ್ಕಿಗೆ ಟೆಕ್ಸಾಸ್‌ನಿಂದಲೇ ತರಿಸಿಕೊಂಡರು. ಪಕ್ಕದ ನೆಲದ ಪ್ರಾಣಿಯನ್ನು ಸಮುದ್ರದಾಚೆಯಿಂದ ತರುವ ಗತಿ ನಮಗೂ ಬರಬಾರದು ಅಲ್ವಾ?

ನಮಗೆ ದೂರ ಹೋಗುವ ಅಗತ್ಯವೇ ಇಲ್ಲ. ಸೊಲ್ಲಾಪುರ ರಸ್ತೆಯಲ್ಲಿ ಭಿಗ್ವಣ್‌ವರೆಗೆ ಹೋಗಿ ರಾಶಿನ್ ಕಡೆ ತಿರುಗಿದರೆ ಕರ್ಜತ್ ತಾಲೂಕಿನ ರೆಹೆಕುರಿ ಸಿಗುತ್ತದೆ. ಮುಂಬೈ ಹತ್ತಿರದ ಕರ್ಜತ್ ಅಲ್ಲ, ಅಹಿಲ್ಯಾನಗರ (ಮೊದಲಿನ ಅಹಮದ್‌ನಗರ) ಜಿಲ್ಲೆಯದು. ಚಿಗರಿಗಾಗಿಯೇ 1980ರಲ್ಲಿ ಮಾಡಿದ ಅಭಯಾರಣ್ಯ, ಬರೀ 2.17 ಚದರ ಕಿಲೋಮೀಟರ್. ಮೋರ್‌ಗಾವ್ ಗಣಪತಿಗೆ ನಮ್ಮವರು ಎಷ್ಟು ಜನ ಹೋಗುತ್ತಾರೆ! ಅಲ್ಲೇ ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯದಲ್ಲಿ ಚಿಂಕಾರಾ ಎಂಬ ಸಣ್ಣ ಹುಲ್ಲೆಗಳಿವೆ. ವಾಹನದಲ್ಲೇ ನೋಡಬೇಕು ಅನ್ನುವವರಿಗೆ ಇಂದಾಪುರ ತಾಲೂಕಿನ ಕಡಬನ್‌ವಾಡಿ, ಬಾರಾಮತಿ ತಾಲೂಕಿನ ಶಿರಸುಫಳದಲ್ಲಿ ಅರಣ್ಯ ಇಲಾಖೆ ಹುಲ್ಲುಗಾವಲಿನ ಸಫಾರಿ ಶುರು ಮಾಡಿದೆ. ಚಿಂಕಾರಾ, ನರಿ, ಅದೃಷ್ಟವಿದ್ದರೆ ತೋಳ. ಬೇಸಿಗೆ ರಜೆಗೆ ಊರಿಗೆ ಹೋಗುವವರಿಗಂತೂ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರ್‌ನ ಅಭಯಾರಣ್ಯವೇ ಇದೆ, 1974ರಿಂದ.

ಈಗ ನನಗೆ ಸಿಟ್ಟು ಬರಿಸಿದ ವಿಷಯ. ಕಳೆದ ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ಸಂಸ್ಥೆಯವರು ಬಸ್ಸು ಮಾಡಿಕೊಂಡು ಹೋಗಿ, ಊರಾಚೆಯ ಹುಲ್ಲು ಮಾಳದಲ್ಲಿ ಸಾಲಾಗಿ ಗುಂಡಿ ತೋಡಿ ಸಸಿ ನೆಟ್ಟು ಬಂದರು. ಬಂಜರು ಭೂಮಿಯನ್ನು ಹಸಿರು ಮಾಡಿದೆವು ಎಂದು ಫೋಟೋ ಹಾಕಿದರು. ಅವರ ಮನಸ್ಸು ಒಳ್ಳೆಯದೇ. ಆದರೆ ಅದು ಬಂಜರಲ್ಲ. ಚಿಗರಿ ಬದುಕುವುದೇ ದೂರದಿಂದ ಶತ್ರುವನ್ನು ಕಂಡು ಓಡಿ. ಮರ ಬೆಳೆದರೆ ಅದಕ್ಕೆ ಕಣ್ಣು ಕಟ್ಟಿದ ಹಾಗೆ. ನೆರಳಿಗೆ ಹುಲ್ಲೂ ಸಾಯುತ್ತದೆ. ತಾಯಿ ಮರಿಯನ್ನು ಬಚ್ಚಿಡುವುದು ಆ ಹುಲ್ಲಿನ ಮರೆಯಲ್ಲೇ, ಹುಲ್ಲು ಹೋದರೆ ಬೀದಿನಾಯಿಗಳಿಗೆ ಮರಿ ಸುಲಭದ ತುತ್ತು. ರಾಣೆಬೆನ್ನೂರಿನ ಅಭಯಾರಣ್ಯದೊಳಗೇ ನೀಲಗಿರಿ ತೋಪು ನಿಂತಿದೆ. ಊರಿಗೆ ಹೋದಾಗ ಅದನ್ನು ನೋಡಿದರೆ ಈಗಲೂ ಸಂಕಟವಾಗುತ್ತದೆ. ಮಾಳದಲ್ಲಿ ಕುರಿ ಮೇಯಿಸುವ ಧನಗರರನ್ನು, ಕುರುಬರನ್ನು ಒಮ್ಮೆ ಕೇಳಿ ನೋಡಲಿ, ಎಲ್ಲಿ ಗುಂಡಿ ತೋಡಬಾರದು ಎಂದು ಅವರೇ ಹೇಳುತ್ತಾರೆ. ರೈತರ ಕಷ್ಟವೂ ಸುಳ್ಳಲ್ಲ. ಮಾಳದಲ್ಲಿ ಮೇವು ಸಿಗದಿದ್ದರೆ ಚಿಗರಿ ಜೋಳಕ್ಕೇ ಬರುತ್ತದೆ. ಅದರ ನಷ್ಟ ಎಷ್ಟೆಂದು ಹೊಲ ಕಾದವರಿಗೆ ಗೊತ್ತು.

ಹೋಗುವವರಿಗೆ ಒಂದು ಕೋರಿಕೆ. ಟೆಕ್ಸಾಸ್‌ನ ಮೇವಿನ ಚೀಲದ ಚಿತ್ರ ನೋಡಿ ಇಲ್ಲಿ ಯಾರೂ ಬಿಸ್ಕತ್ತು ಎಸೆಯಬಾರದು. ಅಲ್ಲಿಯವು ಬೇಲಿಯೊಳಗೆ ಸಾಕಿದ ಪ್ರಾಣಿಗಳು, ಇಲ್ಲಿಯವು ಕಾಡಿನವು. ನಮ್ಮ ಘಾಟಿಗಳಲ್ಲಿ ತಿಂಡಿಯ ಆಸೆಗೆ ರಸ್ತೆಗಿಳಿದ ಮಂಗಗಳು ಕಾರಿನ ಗಾಲಿಗೆ ಸಿಗುವುದನ್ನು ಎಲ್ಲರೂ ನೋಡಿದ್ದೇವೆ. ಬೆಳಗ್ಗೆ ಬೇಗ ಹೋಗಿ. ಕಾಲಿಟ್ಟರೆ ಸಿಬ್ಬಂದಿ ತೋರಿಸಿದ ದಾರಿಯಲ್ಲೇ ಇಡಿ. ಸುಮ್ನೆ ನಿಂತು ನೋಡಿ.

ನಿಮ್ಮ ಪತ್ರಿಕೆಗೆ ನನ್ನ ಬೇಡಿಕೆ ಇಷ್ಟು. ವಿದೇಶಿ ಪಾರ್ಕ್‌ಗಳಿಗೆ ಕೊಟ್ಟಷ್ಟೇ ಜಾಗವನ್ನು ಒಂದು ಭಾನುವಾರ ರೆಹೆಕುರಿಗೂ ಕೊಡಿ, ದಾರಿಯ ನಕಾಶೆ ಮತ್ತು ಫೋಟೋ ಸಮೇತ. ಮಳೆಗಾಲಕ್ಕೆ ಮುಂಚೆಯೇ ಕೊಟ್ಟರೆ ಒಳ್ಳೆಯದು. ಸಸಿ ನೆಡುವ ಕಾರ್ಯಕ್ರಮ ಹಾಕಿಕೊಳ್ಳುವ ಕನ್ನಡ ಸಂಘಗಳವರು ಆಗ ಅದನ್ನು ಓದಿ ಜಾಗ ಆರಿಸಿಕೊಳ್ಳುತ್ತಾರೆ.

ಇತಿ,
ಚಿಂಚವಾಡದ ಒಬ್ಬ ಓದುಗ, ಪುಣೆ