ಸ್ಪೀಕರ್ ಹೇಗಿದೆ ಎನ್ನುವ ಮೊದಲು ಹಾಲ್ ಎಷ್ಟುದ್ದ ಹೇಳಿ

ಮಾನ್ಯ ಸಂಪಾದಕರೇ,

ಲಕ್ಷಾಂತರ ರೂಪಾಯಿ ಕೊಟ್ಟು ಟವರ್ ಸ್ಪೀಕರ್ ಕೊಂಡವರ ಅಭಿಪ್ರಾಯಗಳನ್ನು ನಿಮ್ಮ ಪುರವಣಿ ಒಂದೆಡೆ ಸೇರಿಸಿ ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಓದಿ ಮುಗಿಸಿದಾಗ ಕೈಗೆ ಸಿಕ್ಕಿದ್ದು ಬರೀ ಗುಣವಾಚಕಗಳು. ಬೆಚ್ಚಗಿನ ದನಿ, ಬಿಗಿಯಾದ ಬಾಸ್, ರೇಷ್ಮೆಯಂಥ ಟ್ವೀಟರ್ (ತಾರಕದ ದನಿ ಹೊರಡಿಸುವ ಪುಟ್ಟ ಘಟಕ). ಒಂದೇ ಮಾಡೆಲ್ ಬಗ್ಗೆ ಒಬ್ಬರು ‘ಬಾಸ್ ಸಾಲದು’ ಅಂದಿದ್ದಾರೆ, ಮತ್ತೊಬ್ಬರು ‘ಬಾಸ್ ಜಾಸ್ತಿಯಾಗಿ ತಲೆನೋವು’ ಅಂದಿದ್ದಾರೆ. ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರ ಕೋಣೆ ಬೇರೆ, ಸೋಫಾ ಹಾಕಿದ ಜಾಗ ಬೇರೆ. ಅದನ್ನು ಯಾರೂ ಅವರಿಂದ ಕೇಳಿಲ್ಲ, ಅಷ್ಟೆ.

ಸುಮಾರು 200 ಹರ್ಟ್ಜ್‌ನ (ಸೆಕೆಂಡಿಗೆ 200 ಕಂಪನಗಳ) ಕೆಳಗೆ ನಮ್ಮ ಕಿವಿಗೆ ಬೀಳುವುದು ಸ್ಪೀಕರಿಗಿಂತ ಹೆಚ್ಚಾಗಿ ಕೋಣೆಯ ದನಿ. ಲೆಕ್ಕ ಕಷ್ಟದ್ದಲ್ಲ. ಎದುರುಬದುರು ಗೋಡೆಗಳ ನಡುವಿನ ಅಂತರವನ್ನು ಮೀಟರಿನಲ್ಲಿ ಅಳೆದು, 172ನ್ನು ಅದರಿಂದ ಭಾಗಿಸಬೇಕು. ಬಂದ ಸಂಖ್ಯೆ ಆ ದಿಕ್ಕಿನಲ್ಲಿ ಕೋಣೆ ಗುಂಯ್‌ಗುಡುವ ಮೊದಲ ಕಂಪನಾಂಕ. ಅದರ ಎರಡರಷ್ಟು, ಮೂರರಷ್ಟರ ಜಾಗಗಳಲ್ಲೂ ಗುಂಯ್ ಅನ್ನುತ್ತದೆ. 17 ಅಡಿ ಉದ್ದದ ಹಾಲ್ ಎಂದಿಟ್ಟುಕೊಳ್ಳಿ, ಅಂದರೆ 5.18 ಮೀಟರ್. ಮೊದಲನೆಯದು 33, ಎರಡನೆಯದು 66 ಹರ್ಟ್ಜ್. ಈಗ ಬಿಳಿ ಒಂದು (ಹಾರ್ಮೋನಿಯಂನ ಮೊದಲ ಬಿಳಿ ಮನೆ) ಶ್ರುತಿಯಲ್ಲಿ ಹಾಡುವವರ ಕಛೇರಿಯೊಂದನ್ನು ಹಾಕಿ. ಮಧ್ಯಷಡ್ಜ 131 ಹರ್ಟ್ಜ್‌ನ ಆಸುಪಾಸು, ತಂಬೂರಿಯ ಮಂದ್ರಷಡ್ಜ 65. ಕೋಣೆಯ ಎರಡನೆಯ ಗುಂಯ್ ಸರಿಯಾಗಿ ತಂಬೂರಿಯ ಮೇಲೇ ಕೂತಿದೆ. ಅದೋ ಕಛೇರಿಯುದ್ದಕ್ಕೂ ನಿಲ್ಲದ ಸ್ವರ. ಸೋಫಾ ಹಿಂಗೋಡೆಗೆ ಒರಗಿದ್ದರೆ ಎರಡು ಗಂಟೆ ಕಾಲ ಕಿವಿಯ ಹಿಂದೆ ದುಂಬಿ ಹಾರಿದ ಹಾಗಿರುತ್ತದೆ, ಮೃದಂಗದ ತೊಪ್ಪಿಯ (ಎಡಮುಖದ) ಹೊಡೆತಗಳೂ ಒಂದರೊಳಗೊಂದು ಕಲಸಿಹೋಗುತ್ತವೆ. ಮಾಲೀಕರು ಬರೆಯುವುದು ಮಾತ್ರ ‘ಈ ಸ್ಪೀಕರ್ ಶಾಸ್ತ್ರೀಯ ಸಂಗೀತಕ್ಕೆ ಹೊಂದುವುದಿಲ್ಲ’ ಎಂದು!

ಈ 66 ಹರ್ಟ್ಜ್‌ನ ಒತ್ತಡ ಎರಡೂ ಗೋಡೆಗಳ ಬುಡದಲ್ಲಿ ಮತ್ತು ಹಾಲಿನ ನಟ್ಟನಡುವೆ ಗರಿಷ್ಠ, ಉದ್ದದ ಕಾಲುಭಾಗದಲ್ಲಿ ಕನಿಷ್ಠ. 33ರದ್ದು ಗೋಡೆಗಳಲ್ಲಿ ಗರಿಷ್ಠ, ನಡುವೆ ಕನಿಷ್ಠ. ಹಾಗಾಗಿ ಸೋಫಾವನ್ನು ಹಿಂಗೋಡೆಯಿಂದ ನಾಲ್ಕೂಕಾಲು ಅಡಿ ಮುಂದೆ ಎಳೆದರೆ ತಂಬೂರಿಯ ಗುಂಯ್ ಹೆಚ್ಚುಕಮ್ಮಿ ಸತ್ತೇಹೋಗುತ್ತದೆ. ಪೂರ್ತಿ ಸಾಯುವುದೂ ಬೇಡ, ತಂಬೂರಿಯ ಬುಡವೇ ಮಾಯವಾದಂತಾಗುತ್ತದೆ. ನಾಲ್ಕೂಕಾಲರಿಂದ ಆರೂವರೆ ಅಡಿಯ ನಡುವೆ ಅರ್ಧರ್ಧ ಅಡಿ ಸರಿಸುತ್ತ ಕೇಳಿ ನಿಲ್ಲಿಸಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸೋಫಾ ಹಾಲಿನ ಮಧ್ಯಕ್ಕೆ ಬಂದದ್ದನ್ನು ಮನೆಯವರಿಗೆ ಒಪ್ಪಿಸುವುದೊಂದೇ ಕಷ್ಟ.

ಸ್ಪೀಕರ್ ನಿಲ್ಲಿಸುವ ಜಾಗಕ್ಕೂ ಇಂಥದ್ದೇ ಲೆಕ್ಕವಿದೆ. ಊಫರಿನಿಂದ (ಬಾಸ್ ನುಡಿಸುವ ದೊಡ್ಡ ಕೋನಿನ ಘಟಕದಿಂದ) ಸ್ಪೀಕರಿನ ಹಿಂದಿನ ಗೋಡೆಗೆ 1 ಮೀಟರ್ ಇದ್ದರೆ, ಗೋಡೆಗೆ ಬಡಿದು ತಿರುಗಿ ಬಂದ ಅಲೆ 86 ಹರ್ಟ್ಜ್‌ನಲ್ಲಿ ನೇರ ಅಲೆಯನ್ನು ಕತ್ತರಿಸಿ, ದನಿಯಲ್ಲಿ ಹಳ್ಳ ತೋಡುತ್ತದೆ. 60 ಸೆಂಟಿಮೀಟರ್ ಇದ್ದರೆ ಆ ಹಳ್ಳ 143ಕ್ಕೆ ಏರಿ, ಗಂಡುದನಿಯ ಮೈಕಟ್ಟನ್ನೇ ತೆಳುಮಾಡುತ್ತದೆ. ಸ್ಪೀಕರಿನ ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ಒಂದೇ ಅಂತರ ಇಟ್ಟರೆ ಎರಡು ಹಳ್ಳಗಳೂ ಒಂದೇ ಕಡೆ ಬೀಳುತ್ತವೆ, ಆ ತಪ್ಪು ಮಾಡಬಾರದು. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕಿರಬೇಕು. ಮಾಮೂಲಿ ಸೋಫಾದಲ್ಲಿ ಕೂತರೆ ಕಿವಿ ನೆಲದಿಂದ 90ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ತಗ್ಗಾದ ದಿವಾನದ ಮೇಲೆ ಒರಗಿ ಕೇಳಿ ‘ಹೈ (ತಾರಕ) ಮಂಕು’ ಎಂದು ತೀರ್ಪು ಕೊಟ್ಟರೆ ಅದು ದಿವಾನದ ವಿಮರ್ಶೆ.

ಇಂದಿನ ಅಪಾರ್ಟ್‌ಮೆಂಟುಗಳ ವಿಟ್ರಿಫೈಡ್ ಟೈಲ್ಸ್, ನುಣುಪು ಗೋಡೆ, ದೊಡ್ಡ ಗಾಜಿನ ಬಾಗಿಲು ಸೇರಿ ತಾರಕವನ್ನು ಹರಿತಗೊಳಿಸುತ್ತವೆ. ಒಂದು ಚಪ್ಪಾಳೆ ತಟ್ಟಿ ನೋಡಿ. ಟ್ರಿಂಗ್ ಎಂದು ಬಾಲ ಉಳಿದರೆ ಮೊದಲು ಸ್ಪೀಕರಿಗೂ ಸೋಫಾಗೂ ನಡುವೆ ದಪ್ಪ ಜಮಖಾನ, ಆಮೇಲೆ ನೆರಿಗೆ ತುಂಬಿದ ಭಾರದ ಪರದೆ. ಪಕ್ಕದ ಗೋಡೆಗೆ ಒಬ್ಬರು ಕನ್ನಡಿ ಹಿಡಿದು ಸರಿಸುತ್ತ ಹೋಗಲಿ, ಕೂತವರಿಗೆ ಟ್ವೀಟರ್ ಎಲ್ಲಿ ಕಾಣುತ್ತದೋ ಅಲ್ಲಿ 4 ಅಂಗುಲ ದಪ್ಪದ ರಾಕ್‌ವುಲ್ (ದನಿ ಹೀರುವ ಕಲ್ಲುನಾರಿನ) ಹಲಗೆಗೆ ಬಟ್ಟೆ ಹೊದಿಸಿ ನಿಲ್ಲಿಸಿ. ಮೊಟ್ಟೆಯ ಟ್ರೇ ಅಂಟಿಸುವ ಗೀಳನ್ನು ದಯವಿಟ್ಟು ಬಿಡಿ. ಅದು ಬಾಸಿಗೂ ಬರುವುದಿಲ್ಲ, ಬೆಂಕಿಗಂತೂ ಮೊದಲ ತುತ್ತು.

ಇನ್ನು ಆಂಪ್ಲಿಫೈಯರ್. ಕ್ಯಾಟಲಾಗಿನಲ್ಲಿ 2.83 ವೋಲ್ಟ್ ಕೊಟ್ಟು 1 ಮೀಟರಿನಲ್ಲಿ ಅಳೆದ ಡೆಸಿಬೆಲ್ (ಸದ್ದಿನ ಮಟ್ಟ) ಬರೆದಿರುತ್ತಾರೆ. 8 ಓಮ್ ಸ್ಪೀಕರಿಗೆ ಅದು 1 ವಾಟ್, 4 ಓಮಿನದ್ದಕ್ಕೆ 2 ವಾಟ್. ಹಾಗಾಗಿ 87 ಎಂದು ಬರೆದುಕೊಂಡ 4 ಓಮ್ ಸ್ಪೀಕರ್ ವಾಟಿನ ಲೆಕ್ಕದಲ್ಲಿ 84 ಮಾತ್ರ. ಪ್ರತಿ 3 ಡೆಸಿಬೆಲ್‌ಗೆ ವಾಟ್ ದುಪ್ಪಟ್ಟು ಬೇಕು. 92ರ ಸ್ಪೀಕರ್ 25 ವಾಟಿನಲ್ಲಿ ಮಾಡುವ ಸದ್ದಿಗೆ 86ರದ್ದು 100 ವಾಟ್ ಕೇಳುತ್ತದೆ. 1946ರಿಂದ ಇಂದಿಗೂ ತಯಾರಾಗುತ್ತಿರುವ, ಈ ಡೆಸಿಬೆಲ್ ಲೆಕ್ಕದಲ್ಲಿ ತುಂಬ ಮೇಲಿರುವ ಕ್ಲಿಪ್ಶ್‌ಹಾರ್ನ್ ಸ್ಪೀಕರ್ ಹತ್ತು ವಾಟಿನ ವಾಲ್ವ್ ಆಂಪ್ಲಿಫೈಯರಿನಲ್ಲೂ ಮನೆ ತುಂಬುವುದು ಇದೇ ಕಾರಣಕ್ಕೆ. ಆದರೆ ಅದು ಮೂಲೆಗೆಂದೇ ಮಾಡಿದ್ದು, ಗೋಡೆಗಳೇ ಅದರ ಬಾಸ್ ಹಾರ್ನಿನ ಮುಂದುವರಿಕೆ. ಒಂದು ಮೂಲೆಯಲ್ಲಿ ಬಾಗಿಲಿರುವ ಮನೆಯವರು ಅದನ್ನು ಕೊಂಡು ಬೈದರೆ ತಪ್ಪು ಯಾರದ್ದು? ನಾಮಿನಲ್ (ಕ್ಯಾಟಲಾಗಿನಲ್ಲಿ ಬರೆದ) ಓಮ್ ಜೊತೆಗೆ ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ ಎಂದೂ ಕೇಳಬೇಕು. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ) ಮಾನದಂಡದ ಪ್ರಕಾರ ಅದು ನಾಮಿನಲ್ಲಿನ ಶೇ 80ಕ್ಕಿಂತ ಇಳಿಯಬಾರದು, ಅಂದರೆ 8 ಓಮ್ ಎಂದವರದ್ದು 6.4ಕ್ಕಿಂತ ಕೆಳಗೆ ಹೋಗಬಾರದು. ಹೋಗುವ ದುಬಾರಿ ಸ್ಪೀಕರುಗಳು ಬೇಕಾದಷ್ಟಿವೆ. ಜೋರು ಮಾಡಿದಾಗ ಟಕ್ ಎಂದು ಆಂಪ್ಲಿಫೈಯರಿನ ಪ್ರೊಟೆಕ್ಷನ್ ರಿಲೇ (ರಕ್ಷಣೆಯ ಸ್ವಿಚ್ಚು) ಕಟ್ ಆಗುವುದು ಬಹಳ ಸಲ ಇದರಿಂದಲೇ.

ಕೇಬಲ್ ಬಗ್ಗೆ ನಿಮ್ಮ ಪುರವಣಿ ಅರ್ಧ ಪುಟ ಕೊಟ್ಟಿತ್ತು. ಮನೆಯ ಪ್ಲಗ್ ಪಾಯಿಂಟಿಗೆ ಹಾಕುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯದೇ ಲೆಕ್ಕ ಹಿಡಿದರೂ 5 ಮೀಟರಿಗೆ, ಹೋಗಿಬರುವ ಎರಡೂ ಎಳೆ ಸೇರಿ, ರೋಧ 0.07 ಓಮ್, ಸ್ಪೀಕರಿನ 4–8 ಓಮಿನ ಮುಂದೆ ಏನೇನೂ ಅಲ್ಲ. ಸಾಕು.

ನೋಡಿ ಕೇಳುವುದಕ್ಕೂ ನೋಡದೆ ಕೇಳುವುದಕ್ಕೂ ಇರುವ ಅಂತರವನ್ನು ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲೇ ತೋರಿಸಿದ್ದಾರೆ. ಸ್ಪೀಕರ್ ತಯಾರಿಸುವ ಹಾರ್ಮನ್ ಕಂಪನಿಯ 40 ನೌಕರರು ನಾಲ್ಕು ಸ್ಪೀಕರುಗಳಿಗೆ ಅಂಕ ಕೊಟ್ಟರು, ಒಮ್ಮೆ ಕಣ್ಣಿಗೆ ಕಾಣುವಂತಿಟ್ಟು, ಒಮ್ಮೆ ಪರದೆಯ ಹಿಂದಿಟ್ಟು. ಪರದೆಯ ಹಿಂದೆ ಒಳ್ಳೆಯ ಅಂಕ ಗಳಿಸಿದ ಪುಟ್ಟ, ಅಗ್ಗದ ಸೆಟ್ ಕಣ್ಣಿಗೆ ಬಿದ್ದ ಕೂಡಲೇ ಕೆಳಗಿಳಿಯಿತು. ಕೊಂಡವರ ಅಭಿಪ್ರಾಯದಲ್ಲಂತೂ ಕಣ್ಣಿನ ಜೊತೆಗೆ ಕಿಸೆಯೂ ಮಾತಾಡುತ್ತದೆ. ಅಂಗಡಿಯಲ್ಲಿ ಎರಡು ಜೋಡಿ ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡದಿದ್ದರೆ, ಒಂದೇ ಡೆಸಿಬೆಲ್ ಜೋರಿರುವುದು ‘ಹೆಚ್ಚು ಸ್ಪಷ್ಟ’ ಅನ್ನಿಸಿಬಿಡುತ್ತದೆ. ಮೊಬೈಲಿನ ಡೆಸಿಬೆಲ್ ಆ್ಯಪ್ ನಿಖರವಲ್ಲ, ಆದರೆ ಒಂದೇ ಜಾಗದಲ್ಲಿಟ್ಟು ಪಿಂಕ್ ನಾಯ್ಸ್ (ಎಲ್ಲ ಕಂಪನಾಂಕಗಳೂ ಬೆರೆತ ಪರೀಕ್ಷೆಯ ಸದ್ದು) ಹಾಕಿ ಎರಡನ್ನೂ ಸಮ ಮಾಡಲು ಅಷ್ಟು ಸಾಕು. ‘ಇನ್ನೂರು ಗಂಟೆ ಓಡಿಸಿದ ಮೇಲೆ ಅರಳಿತು’ ಎಂಬ ಮಾತೂ ಹಾಗೆಯೇ. ಕೋನಿನ ಹಿಡಿತ ಸಡಿಲಾಗುವುದು ಮೊದಲ ಕೆಲವು ಗಂಟೆಗಳಲ್ಲಿ, ಉಳಿದಂತೆ ಅರಳುವುದು ಕೇಳುಗರ ಕಿವಿ.

ಮಾಲೀಕರಿಂದ ನಿಜಕ್ಕೂ ತಿಳಿಯಬೇಕಾದ್ದು ಬೇರೆಯೇ ಇದೆ, ಹತ್ತು ವರ್ಷದ ಮೇಲೆ ಏನಾಯಿತು ಎಂಬುದು. ಅದನ್ನು ಅಂಗಡಿಯವರು ಹೇಳುವುದಿಲ್ಲ, ಹೊಸ ಪೆಟ್ಟಿಗೆ ಬಿಚ್ಚಿ ವಿಮರ್ಶೆ ಬರೆಯುವವರಿಗೂ ಗೊತ್ತಿರುವುದಿಲ್ಲ. ಊಫರಿನ ಅಂಚು ಫೋಮಿನದ್ದೋ ರಬ್ಬರಿನದ್ದೋ ಎಂದು ಮೊದಲು ನೋಡಬೇಕು. ಮಂಗಳೂರು, ಉಡುಪಿ, ಕಾರವಾರದ ತೇವಕ್ಕೆ ಫೋಮ್ ಹತ್ತು–ಹದಿನೈದು ವರ್ಷದಲ್ಲಿ ಸೋಲುತ್ತದೆ. ಬೆರಳು ತಾಗಿದರೆ ಅಂಟಂಟಾಗಿ ಪುಡಿ ಉದುರುತ್ತದೆ. ಹಳೆಯ ದುಬಾರಿ ಜೋಡಿ ಕೊಳ್ಳುವವರು ಜಾಲರಿ ತೆಗೆಸಿ ಇದನ್ನು ನೋಡದೆ ಮುಂಗಡ ಕೊಡಬಾರದು. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮ ಅಂತರದಲ್ಲಿಟ್ಟು ಮೆಲ್ಲಗೆ, ನೇರವಾಗಿ ಒತ್ತಿ ಬಿಡಬೇಕು. ಗರಗರ ಸದ್ದು ಬಂದರೆ ಕೋನಿನ ಹಿಂದಿನ ತಂತಿಸುರುಳಿ (ಕಾಯಿಲ್) ಮ್ಯಾಗ್ನೆಟ್ಟಿಗೆ ಉಜ್ಜುತ್ತಿದೆ ಎಂದರ್ಥ.

ಅಂಚು ಮಾತ್ರ ಹಾಳಾಗಿದ್ದರೆ ಊಫರ್ ಎಸೆಯಬೇಕಿಲ್ಲ. ಹಳೆಯ ಫೋಮನ್ನು ಕೆರೆದು, ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸದನ್ನು ಮೊದಲು ಕೋನಿಗೆ ಅಂಟಿಸಿ ಒಣಗಲು ಬಿಡಬೇಕು. ಲೋಹದ ಚೌಕಟ್ಟಿಗೆ ಅಂಟಿಸುವುದು ಆಮೇಲೆ. ಆಗ 30 ಹರ್ಟ್ಜ್ ಟೋನನ್ನು ತೀರ ಸಣ್ಣಗೆ ಕೊಟ್ಟು, ಉಜ್ಜುವ ಸದ್ದು ಬಾರದಂತೆ ಅಂಚನ್ನು ಕೂದಲೆಳೆಯಷ್ಟು ಸರಿಸುತ್ತ ಒತ್ತಿ ಹಿಡಿಯಬೇಕು. 24 ಗಂಟೆ ಮುಟ್ಟಬಾರದು. ಕೆಟ್ಟದ್ದು ಒಂದೇ ಆದರೂ ಎಡ–ಬಲ ಎರಡಕ್ಕೂ ಒಟ್ಟಿಗೆ ಮಾಡಿಸಬೇಕು. ಇಲ್ಲವಾದರೆ ಒಂದು ಕಡೆ ಹೊಸ ಬಿಗುವು, ಇನ್ನೊಂದು ಕಡೆ ಹಳೆಯ ಸಡಿಲು. ರಿಪೇರಿಯವರು ಫೋಮಿನ ಬದಲು ಗಟ್ಟಿ ರಬ್ಬರ್ ಹಾಕಿ ಕೊಡುವುದುಂಟು. ಬಾಳಿಕೆ ಬರುತ್ತದೆ ನಿಜ, ಆದರೆ ಊಫರಿನ ಸಹಜ ಕಂಪನಾಂಕ ಮೇಲೇರಿ, ಪೋರ್ಟಿನ (ಪೆಟ್ಟಿಗೆಯ ಗಾಳಿತೂತಿನ) ಟ್ಯೂನಿಂಗಿಗೂ ಅದಕ್ಕೂ ತಾಳ ತಪ್ಪುತ್ತದೆ.

ಪೋರ್ಟ್ ಎಂದಾಗ ನೆನಪಾಯಿತು, ವಿದೇಶದ ಕೈಪಿಡಿಗಳಲ್ಲಿ ಇಲ್ಲದ ಸಂಗತಿ. ಬಹಳ ದಿನ ಬಳಸದ ಸ್ಪೀಕರಿನ ಪೋರ್ಟ್ ನಮ್ಮಲ್ಲಿ ಕುಂಬಾರ ಹುಳಕ್ಕೆ ಹೇಳಿಮಾಡಿಸಿದ ಜಾಗ. ಒಳಗೆ ಮಣ್ಣಿನ ಗೂಡು ಕಟ್ಟಿದರೆ ಬಾಸಿನಲ್ಲಿ ಬುಸುಬುಸು ಗಾಳಿಸದ್ದು ಶುರುವಾಗುತ್ತದೆ. ಹಲ್ಲಿಯೂ ಹೊಗುತ್ತದೆ. ತೆಳುಬಟ್ಟೆ ಬಿಗಿದು ಮುಚ್ಚಿ ನುಡಿಸಿದರೆ ಗಾಳಿಯೋಟ ಕೆಡುತ್ತದೆ, ದೊಡ್ಡ ಕಣ್ಣಿನ ಸೊಳ್ಳೆಪರದೆಯ ತುಂಡಾದರೆ ಅಡ್ಡಿಯಿಲ್ಲ. ಟ್ವೀಟರಿನ ಧೂಳಿಗೆ ಒದ್ದೆ ಬಟ್ಟೆ ಬೇಡ, ಮೆದುವಾದ ಒಣ ಬ್ರಷ್ ಸಾಕು. ಟ್ವೀಟರಿನ ಬೆರಿಲಿಯಂ ಲೋಹದ ಡೋಮ್ (ಗುಮ್ಮಟದಾಕಾರದ ಪೊರೆ) ಒಡೆದರೆ ಚೂರನ್ನು ಬರಿಗೈಲಿ ಮುಟ್ಟಕೂಡದು, ಗುಡಿಸಲೂ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮಕ್ಕಳಿರುವ ಮನೆಯಲ್ಲಿ ಜಾಲರಿ ತೆಗೆಯದಿರುವುದೇ ಕ್ಷೇಮ.

ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ಲಿಫೈಯರ್ ನಡೆಸಿ ‘ಸ್ಪೀಕರಿನಲ್ಲಿ ಝುಂಯ್ ಬರುತ್ತೆ’ ಎಂದು ದೂರುವವರಿಗೆ ಸೈನ್ ವೇವ್ ಇನ್ವರ್ಟರ್ ಒಂದೇ ಉತ್ತರ.

ಆದ್ದರಿಂದ ಮುಂದಿನ ಸಲ ಓದುಗರಿಂದ ಅಭಿಪ್ರಾಯ ತರಿಸಿಕೊಳ್ಳುವಾಗ, ಪ್ರತಿಯೊಂದರ ತಲೆಯಲ್ಲಿ ಕೋಣೆಯ ಉದ್ದ–ಅಗಲ–ಎತ್ತರ, ಹಿಂಗೋಡೆಗೂ ಸ್ಪೀಕರಿಗೂ ಎಷ್ಟು, ಸೋಫಾಗೂ ಗೋಡೆಗೂ ಎಷ್ಟು, ನೆಲ ಯಾವುದು, ಆಂಪ್ಲಿಫೈಯರ್ ಎಷ್ಟು ವಾಟಿನದು, ಕೊಂಡು ಎಷ್ಟು ವರ್ಷವಾಯಿತು ಎಂದು ಒಂದು ಸಾಲು ಹಾಕಿಸಿ. ಸಾಧ್ಯವಿದ್ದವರಿಂದ ಯಾವ ಕಂಪನಾಂಕ ಎಷ್ಟು ಜೋರು ಎಂಬ ಅಳತೆಯ ನಕ್ಷೆಯನ್ನೂ ಕೇಳಿ. ಕೋಣೆಯ ದನಿ ಅಳೆಯುವ ‘ರೂಮ್ ಇಕ್ಯೂ ವಿಝರ್ಡ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಯುಎಸ್‌ಬಿಗೆ ಸಿಕ್ಕಿಸುವ ಅಳತೆಯ ಮೈಕೊಂದು ಇದ್ದರೆ ಅರ್ಧ ಗಂಟೆಯ ಕೆಲಸ. ನಕ್ಷೆಯಲ್ಲಿ 66ರ ಹತ್ತಿರ ಗೋಪುರ ಕಂಡರೆ, ‘ಬಾಸ್ ಜಾಸ್ತಿ’ ಎಂದವರು ಎಲ್ಲಿ ಕೂತಿದ್ದರು ಎಂದು ಓದುಗರೇ ಊಹಿಸಿಕೊಳ್ಳುತ್ತಾರೆ.

ಇತಿ,
ಟವರ್ ಸ್ಪೀಕರ್ ಬಳಸುವ ಕೆಲವು ಓದುಗರು
ಮೈಸೂರು