ಪುಸ್ತಕ ಕಟ್ಟುವ ಹಿರಿಯರಿಗೊಂದು ಧನ್ಯವಾದ

ಚಿಕ್ಕಬಳ್ಳಾಪುರದ ಮುದ್ರಣಾಲಯವೊಂದರಲ್ಲಿ ಪುಸ್ತಕ ಕಟ್ಟುವ ಹಿರಿಯರೇ, ತಮ್ಮ ಹೆಸರು ನನಗೆ ತಿಳಿಯದ ಕಾರಣ ಈ ಕೃತಜ್ಞತೆಯನ್ನು ಇಲ್ಲಿಯೇ ಸಲ್ಲಿಸುತ್ತಿದ್ದೇನೆ. ಚಿತ್ರ ಬರೆದು, ಚೂರುಪಾರು ಅಂಟಿಸಿ ತುಂಬಿಸುವ ನನ್ನ ಚಿತ್ರ ದಿನಚರಿಗೆಂದು, ತಾವು ಕತ್ತರಿಸಿ ಉಳಿದ ಕಾಗದ ಕೇಳಲು ಬಂದ ನನಗೆ ತಾವು ಹಾಳೆಯೊಂದನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ, ಸಲೀಸಾಗಿ ಬಾಗುವ ಕಡೆಯಿಂದ ನಾರಿನ ದಿಕ್ಕನ್ನು ಗುರುತಿಸಬಹುದೆಂದೂ, ಆ ನಾರು ಪುಸ್ತಕದ ಬೆನ್ನಿನುದ್ದಕ್ಕೂ ಸಾಗುವಂತೆ ಮಡಿಸಿದರೆ ಅಂಟು ಹಚ್ಚಿದ ಪುಟ ಅಷ್ಟಾಗಿ ಸೊಟ್ಟಗಾಗದೆಂದೂ ತೋರಿಸಿಕೊಟ್ಟಿರಿ. ಮೈದಾ ಅಂಟಿಗೆ ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುವುದನ್ನು ಹೇಳಿ, ಅದು ವಿಷವೆಂದು ಎಚ್ಚರಿಸಿದವರೂ ತಾವೇ. (ಮನೆಯಲ್ಲಿ ಮಕ್ಕಳಿರುವುದರಿಂದ ನಾನು ಫೆವಿಕಾಲ್‌ಗೇ ಅಂಟಿಕೊಂಡಿದ್ದೇನೆ.)

ಈಗ ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಹಳೆಯ ಬಸ್ ಟಿಕೆಟು, ಲಗ್ನಪತ್ರಿಕೆಯ ಅಂಚು, ಶಿಡ್ಲಘಟ್ಟದ ನೆಂಟರು ಕೊಟ್ಟ ತೂತುಬಿದ್ದ ರೇಷ್ಮೆಗೂಡಿನ ಚೂರುಗಳನ್ನು ಆ ದಿನಚರಿಯ ಪುಟದಲ್ಲಿ ಅಂಟಿಸಿ, ಬಿಳಿ ಆಯಿಲ್ ಪೇಸ್ಟಲ್‌ನಿಂದ ಗೆರೆಯೆಳೆದು, ಅದರ ಮೇಲೆ ಜಲವರ್ಣ ಹರಿಸುತ್ತೇನೆ. ಜಿಡ್ಡಿನ ಗೆರೆಯಿಂದ ನೀರು ಜಾರಿ, ನೀಲಿಯ ನಡುವೆ ಅದೊಂದೇ ಬೆಳ್ಳಗೆ ಎದ್ದು ನಿಲ್ಲುವುದನ್ನು ಎಷ್ಟು ನೋಡಿದರೂ ನನಗೆ ಬೇಸರವಾಗುವುದಿಲ್ಲ. ದುಬಾರಿ ಸಾಮಗ್ರಿಯಿಲ್ಲದೆ ಇದು ಸಾಗದೆಂಬ ಮಾತನ್ನು ನಾನಂತೂ ಒಪ್ಪಲಾರೆ.

ಕಾಗದದ ಚೂರುಗಳಿಗೆ ತಾವು ಹಣ ಪಡೆಯಲಿಲ್ಲ. ಅವುಗಳಿಂದ ಹೊಲಿದ ಪುಸ್ತಕವೊಂದನ್ನು ತಮಗೆ ತಲುಪಿಸಲಿದ್ದೇನೆ, ದಯವಿಟ್ಟು ಬೇಡವೆನ್ನಬಾರದು.