ಓಡುವ ಮಕ್ಕಳಿಗೆ ವಾರಕ್ಕೊಂದು ದಿನ ಬಿಡುವು ಕೊಡಿಸಿ

ತುಮಕೂರಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಮಧುಗಿರಿ ತಾಲ್ಲೂಕಿನವಳು. ಮಗಳಿಗೆ 14 ವರ್ಷ, 800 ಮೀಟರ್ ಓಡುತ್ತಾಳೆ. ಹೋದ ವರ್ಷ ಹೋಬಳಿ ಕೂಟದಲ್ಲಿ ಮೊದಲು ಬಂದಾಗ ಊರೇ ಕೊಂಡಾಡಿತು. ಅಲ್ಲಿಂದ ತಾಲ್ಲೂಕು, ಜಿಲ್ಲೆ, ನಡುವೆ ದಸರಾ ಕ್ರೀಡಾಕೂಟ. ಬೆಳಗ್ಗೆ ಐದಕ್ಕೆ ಮೈದಾನ, ಸಂಜೆ ಮತ್ತೆ ಮೈದಾನ, ಭಾನುವಾರವೂ ಬಿಡುವಿಲ್ಲ. ಟೈಮಿಂಗ್ ಕೆಟ್ಟಷ್ಟೂ ಇನ್ನೆರಡು ಸುತ್ತು ಓಡಿಸಿದರು. ಮೇಷ್ಟ್ರೊಬ್ಬರನ್ನೇ ದೂರಲಾರೆ, "ಇನ್ನೊಂದ್ ವಾರ ತಡ್ಕೊ ಮಗಾ" ಅಂದವಳು ನಾನೂ ಹೌದು.

ರಾತ್ರಿಯೆಲ್ಲ ಹೊರಳಾಡುತ್ತಿದ್ದಳು. ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಮಾತೆತ್ತಿದರೆ ಸಿಡುಕು, ಬಿಟ್ಟೂ ಬಿಡದ ನೆಗಡಿ. ಮೂರು ತಿಂಗಳಿಂದ ಮುಟ್ಟಾಗಿಲ್ಲವೆಂಬುದನ್ನು ನನ್ನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಒಂದು ಸಂಜೆ ಕಾಲಿಗೆ ಎಣ್ಣೆ ಹಚ್ಚುವಾಗ, ಮೊಣಕಾಲ ಕೆಳಗೆ ಮೂಳೆಯ ಮೇಲೆ ಒಂದು ಕಡೆ ಬೆರಳು ತಗುಲಿದ್ದೇ ಚೀರಿದಳು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ತಿಂದದ್ದು ಸಾಲದು, ದುಡಿದದ್ದು ಜಾಸ್ತಿ, ಸುಧಾರಿಸಿಕೊಳ್ಳಲು ಪುರುಸೊತ್ತೇ ಕೊಟ್ಟಿಲ್ಲ ಅಂದರು ವೈದ್ಯರು. ಓಡಿದ ಮೈ ಗಟ್ಟಿಯಾಗುವುದು ಆಮೇಲಿನ ವಿಶ್ರಾಂತಿಯಲ್ಲಂತೆ. ನಮಗೆ ಇದು ಯಾರೂ ಹೇಳಿರಲಿಲ್ಲ.

ಮೈ ಹೀಗೆ ಸೋಲುತ್ತಿರುವುದನ್ನು ಮೊದಲೇ ಗುರುತಿಸಲು ಯಂತ್ರ ಬೇಕಿಲ್ಲ. ಎದ್ದ ಕೂಡಲೇ, ಹಾಸಿಗೆಯಲ್ಲಿರುವಾಗಲೇ ಮಗು ತನ್ನ ನಾಡಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ನಾಲ್ಕಾರು ದಿನ ಸತತವಾಗಿ ಎಂದಿಗಿಂತ ಹೆಚ್ಚಿದ್ದು, ನಿದ್ದೆ ಹಸಿವೂ ಕೆಟ್ಟಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಎರಡು ಮೂರು ತಿಂಗಳು ಮಗು ಆಡುವ ಆಟದಿಂದ ಬಿಡುವಿರಲಿ ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಈ ವಯಸ್ಸಿಗೆ ನಿದ್ದೆಯೇ 8ರಿಂದ 10 ಗಂಟೆ ಬೇಕು. ಐದಕ್ಕೆ ಮೈದಾನದಲ್ಲಿರುವ ಹುಡುಗಿ ಹೋಮ್‌ವರ್ಕ್ ಮುಗಿಸಿ ಎಷ್ಟೊತ್ತಿಗೆ ಮಲಗಬೇಕು, ತಾವೇ ಹೇಳಿ.

ತುಮಕೂರು, ಮಧುಗಿರಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರನ್ನೂ ಕ್ರೀಡಾ ಇಲಾಖೆಯವರನ್ನೂ ಒಟ್ಟಿಗೆ ಕೂರಿಸಿ. ಶಾಲಾ ಕೂಟ, ದಸರಾ ಕೂಟ ಒಂದರ ಮೇಲೊಂದು ಬೀಳದಂತೆ ದಿನಾಂಕ ಗೊತ್ತು ಮಾಡಿಸಿ. ಶಾಲೆಗಳಲ್ಲೂ ಕ್ರೀಡಾ ವಸತಿ ನಿಲಯಗಳಲ್ಲೂ ವಾರಕ್ಕೊಂದು ದಿನ ಅಭ್ಯಾಸ ಕಡ್ಡಾಯವಾಗಿ ಬಂದ್ ಆಗಲಿ. ಹೆಣ್ಣುಮಕ್ಕಳು ಮುಟ್ಟಿನ ವಿಷಯ ಹೇಳಿಕೊಳ್ಳಲು ಪ್ರತಿ ತಂಡದ ಜೊತೆ ಒಬ್ಬ ಮೇಡಂ ಇರಲಿ.

ಮಗಳು ಈಗ ಕುಂಟದೆ ನಡೆಯುತ್ತಾಳೆ. ಮತ್ತೆ ಓಡಬೇಕೆಂಬ ಆಸೆ ಅವಳಿಗಿದೆ. ಈ ಸಲದ ಹೋಬಳಿ ಕೂಟಕ್ಕೆ ಮುಂಚೆಯೇ ತಮ್ಮ ಆದೇಶ ಶಾಲೆಗಳನ್ನು ತಲುಪಲಿ.

ಇಂತಿ,
ಮಧುಗಿರಿ ತಾಲ್ಲೂಕಿನ ಒಬ್ಬ ತಾಯಿ